ಬೀಗ ಹಾಕಿದ ಡಿಸ್ಕ್ ಫೈಲ್‌ಗಳನ್ನು ಬೈಟ್ ನೋಡಿ ಗುರುತಿಸುವುದು ಹೇಗೆ?

ಪ್ರಶ್ನೆ: ಸರ್, ಗದಗ-ಬೆಟಗೇರಿಯಾಗ ನಮ್ಮದೊಂದು ಪ್ರಿಂಟಿಂಗ್ ಪ್ರೆಸ್ ಐತಿ. ಕಂಪ್ಯೂಟರ್ ಕೆಲಸ ಎಲ್ಲಾ ನಮ್ಮ ಕಾಕಾನ ನೋಡತಿದ್ರು. ಅವರು ತೀರಿಕೊಂಡ ಮ್ಯಾಲೆ ಟೇಬಲ್ ಡ್ರಾದಾಗ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಸಿಕ್ಕೈತಿ. ಅದರಾಗ ನಾಲ್ಕು ದೊಡ್ಡ ಫೈಲ್ ಅದಾವು: ಒಂದು ಡಿಎಂಜಿ, ಒಂದು ವಿಎಚ್‌ಡಿ, ಒಂದು ಐಎಸ್‌ಒ, ನಾಲ್ಕನೇದಕ್ಕ ಎಕ್ಸ್‌ಟೆನ್ಷನ್ನ ಇಲ್ಲ. ಒಂದೂ ತೆರೆಯವಲ್ದು. ಹುಬ್ಬಳ್ಳಿಯ ಒಂದು ಅಂಗಡಿಯವರು ‘ಎಲ್ಲಾ ಕರಪ್ಟ್ ಆಗ್ಯಾವು, ಫಾರ್ಮ್ಯಾಟ್ ಮಾಡಿ ರಿಕವರಿ ಹಾಕಬೇಕು’ ಅಂದ್ರು. ಕಾಕಾ ಪ್ರಶ್ನೆಪತ್ರಿಕೆ ಮುದ್ರಣದ ಕೆಲಸಾನೂ ಮಾಡತಿದ್ರು, ಹಂಗಾಗಿ ಲಾಕ್ ಮಾಡಿರಬಹುದು ಅಂತ ನನ್ನ ಅನುಮಾನ. ಮಗಳು ಫೈಲಿನ ಬೈಟ್ ತೋರಿಸೋ ಎಚ್‌ಎಕ್ಸ್‌ಡಿ ಪ್ರೋಗ್ರಾಂ ಹಾಕಿ ತೆಗೆದ ಮೊದಲನೇ ಪುಟ, ಕೊನೇ ಪುಟದ ಫೋಟೊ ಕಳಿಸೀನಿ. ಇವು ಕೆಟ್ಟಾವೋ, ಲಾಕ್ ಆಗ್ಯಾವೋ? ಹೆಂಗ ಗೊತ್ತು ಮಾಡೋದು?

ಉತ್ತರ: ಫಾರ್ಮ್ಯಾಟ್ ಮಾಡಿಸಬೇಡಿ. ನಿಮ್ಮ ಅನುಮಾನ ಸರಿಯಾದ ದಿಕ್ಕಿನಲ್ಲಿದೆ. ಎರಡು ಫೈಲ್‌ಗಳು ಬೀಗ ಹಾಕಿದವು ಎಂದು ಫೋಟೊ ನೋಡಿಯೇ ಖಚಿತವಾಗಿ ಹೇಳಬಹುದು. ಮೂರನೆಯದು ಬಹುತೇಕ ಹಾಗೆಯೇ ಇದೆ. ಉಳಿದ ಒಂದಕ್ಕೆ ನೀವು ಇನ್ನೊಂದು ಜಾಗ ತೆರೆದು ನೋಡಬೇಕು. ನಾಲ್ಕರಲ್ಲಿ ಯಾವುದೂ ಕೆಟ್ಟಿದೆ ಎನ್ನಲು ಈ ಫೋಟೊಗಳಲ್ಲಿ ಆಧಾರ ಕಾಣುವುದಿಲ್ಲ.

ಮುಂದೆ ಓದುವ ಮೊದಲು ಎರಡು ಕೆಲಸ ಮಾಡಿ. ನಾಲ್ಕೂ ಫೈಲ್‌ಗಳನ್ನು ಹೊಸ ಡಿಸ್ಕಿಗೆ ನಕಲು ಮಾಡಿ, ಮೂಲ ಡಿಸ್ಕನ್ನು ಬಿಚ್ಚಿ ಬೀರುವಿನಲ್ಲಿಡಿ. ನಕಲಿನ ಫೈಲ್‌ಗಳ ಪ್ರಾಪರ್ಟೀಸ್‌ನಲ್ಲಿ ‘ರೀಡ್ ಓನ್ಲಿ’ ಗುರುತು ಹಾಕಿ. ಎಚ್‌ಎಕ್ಸ್‌ಡಿಯಲ್ಲಿ ನೋಡುತ್ತ ಕೈತಪ್ಪಿ ಒಂದು ಕೀ ಒತ್ತಿ ಸೇವ್ ಆದರೂ ಬೀಗದ ಫೈಲಿನ ತಲೆಭಾಗ ಹಾಳಾಗಬಹುದು. ಆ ಮೇಲೆ ಸರಿಯಾದ ಪಾಸ್‌ವರ್ಡ್ ಸಿಕ್ಕರೂ ಪ್ರಯೋಜನವಿಲ್ಲ. ಯಾಕೆ ಎಂದು ಎಕ್ಸ್‌ಟೆನ್ಷನ್ ಇಲ್ಲದ ಫೈಲಿನ ಹತ್ತಿರ ಹೇಳುತ್ತೇನೆ.

ಫೈಲಿನ ಹೆಸರಿನ ಕೊನೆಯ ಎಕ್ಸ್‌ಟೆನ್ಷನ್ ಯಾರು ಬೇಕಾದರೂ ಬದಲಾಯಿಸಬಹುದಾದ ಚೀಟಿ. ಒಳಗಿನ ವಸ್ತು ಏನು ಎಂಬುದನ್ನು ಅದನ್ನು ತಯಾರಿಸಿದ ಪ್ರೋಗ್ರಾಂ ಸಾಮಾನ್ಯವಾಗಿ ನಿಗದಿತ ಜಾಗದಲ್ಲಿ ಕೆಲವು ಬೈಟ್‌ಗಳಾಗಿ ಬರೆದಿರುತ್ತದೆ. ಪ್ರೆಸ್ಸಿನವರಾದ ನಿಮಗೆ ಇದು ಬೇಗ ಹೊಳೆಯುತ್ತದೆ: ಪುಸ್ತಕಕ್ಕೆ ಹೊಸ ರಟ್ಟು ಹೊಲಿಸಿದರೂ ಒಳಪುಟದಲ್ಲಿ ಮುದ್ರಕರ ಹೆಸರಿನ ಸಾಲು ಹಾಗೇ ಉಳಿಯುತ್ತದಲ್ಲ, ಸಿಗ್ನೇಚರ್ ಎನ್ನುವುದು ಆ ಸಾಲು. ಲಿನಕ್ಸ್, ಮ್ಯಾಕ್‌ಗಳಲ್ಲಿರುವ ‘ಫೈಲ್’ ಎಂಬ ಕಮಾಂಡ್ ಮಾಡುವುದೂ ಈ ಸಾಲನ್ನು ಓದುವ ಕೆಲಸವನ್ನೇ. ಯುನಿಕ್ಸ್‌ನಲ್ಲಿ ಅದು 1973ರಿಂದಲೇ ಇದೆ. ಎಚ್‌ಎಕ್ಸ್‌ಡಿ ಪ್ರತಿ ಬೈಟನ್ನು ಹೆಕ್ಸ್‌ನಲ್ಲಿ, ಅಂದರೆ ಹದಿನಾರರ ಎಣಿಕೆಯ ಎರಡು ಅಂಕಿಗಳಲ್ಲಿ ತೋರಿಸುತ್ತದೆ. ಅವುಗಳಲ್ಲಿ ಬರುವ ಎ ಯಿಂದ ಎಫ್‌ವರೆಗಿನ ಅಕ್ಷರಗಳನ್ನು ಕೆಳಗೆ ಕನ್ನಡದಲ್ಲೇ ಬರೆದಿದ್ದೇನೆ, ಪರದೆಯ ಮೇಲೆ ಅವು ಇಂಗ್ಲಿಷಿನಲ್ಲಿ ಕಾಣುತ್ತವೆ.

ಸುಲಭದ್ದರಿಂದ ಶುರು ಮಾಡೋಣ. ನಿಮ್ಮ ಡಿಎಂಜಿ ಫೈಲಿನ ಮೊದಲ ಎಂಟು ಬೈಟ್‌ಗಳು 65 6ಇ 63 72 63 64 73 61. ಬಲಗಡೆಯ ಅಕ್ಷರಗಳ ಕಾಲಂನಲ್ಲಿ ಅದು ‘ಇ-ಎನ್-ಸಿ-ಆರ್-ಸಿ-ಡಿ-ಎಸ್-ಎ’ ಎಂದು ಕಾಣುತ್ತದೆ. ಇದು ಆಪಲ್‌ನ ಎನ್‌ಕ್ರಿಪ್ಟ್ ಆದ, ಅಂದರೆ ಬೀಗ ಹಾಕಿದ, ಡಿಸ್ಕ್ ಇಮೇಜ್‌ನ ಗುರುತು, ಬೇರೆ ಅರ್ಥ ಮಾಡುವಂತಿಲ್ಲ. ಬೀಗವಿಲ್ಲದ ಡಿಎಂಜಿ ಆಗಿದ್ದರೆ ಫೈಲಿನ ಕಟ್ಟಕಡೆಯ 512 ಬೈಟ್‌ಗಳ ತುಣುಕು ‘ಕೆ-ಒ-ಎಲ್-ವೈ’ ಎಂಬ ನಾಲ್ಕು ಅಕ್ಷರಗಳಿಂದ ಶುರುವಾಗುತ್ತಿತ್ತು. ನಿಮ್ಮ ಕೊನೇ ಪುಟದಲ್ಲಿ ಅದು ಇಲ್ಲ, ಇರಬಾರದು ಕೂಡ, ಏಕೆಂದರೆ ಬೀಗ ಹಾಕುವಾಗ ಆ ಬಾಲವೂ ಒಳಗೇ ಸೇರಿ ಎನ್‌ಕ್ರಿಪ್ಟ್ ಆಗುತ್ತದೆ. ಇದಕ್ಕಿಂತ ಹಳೆಯ ಇನ್ನೊಂದು ರೂಪವಿದೆ. ಅದರಲ್ಲಿ ಗುರುತು ಫೈಲಿನ ತಲೆಯಲ್ಲಿರದೆ ಬಾಲದಲ್ಲಿ ‘ಸಿ-ಡಿ-ಎಸ್-ಎ-ಇ-ಎನ್-ಸಿ-ಆರ್’ ಎಂದು ಬರುತ್ತದೆ. ಹಾಗಾಗಿ ಮಗಳು ಕೊನೇ ಪುಟದ ಫೋಟೊ ತೆಗೆದದ್ದು ಬಹಳ ಒಳ್ಳೆಯ ಕೆಲಸ, ಅನೇಕರು ಮೊದಲ ಪುಟ ನೋಡಿ ನಿಲ್ಲಿಸಿಬಿಡುತ್ತಾರೆ. ಪ್ರೆಸ್ಸಿನಲ್ಲಿ ಡಿಸೈನ್ ಕೆಲಸಕ್ಕೆ ಬಳಸುತ್ತಿದ್ದ ಹಳೆಯ ಐಮ್ಯಾಕ್ ಎಲ್ಲಾದರೂ ಉಳಿದಿದ್ದರೆ ಅದನ್ನು ಗುಜರಿಗೆ ಹಾಕಬೇಡಿ. ಇಮೇಜ್ ತೆರೆಯುವಾಗ ‘ಪಾಸ್‌ವರ್ಡ್ ನೆನಪಿಟ್ಟುಕೋ’ ಎಂಬ ಗುರುತನ್ನು ಕಾಕಾ ಒಮ್ಮೆ ಹಾಕಿದ್ದರೂ ಸಾಕು, ಅದು ಆ ಯಂತ್ರದ ಕೀಚೈನ್‌ನಲ್ಲಿ ಕೂತಿರುತ್ತದೆ.

ವಿಎಚ್‌ಡಿ ಫೈಲು, ಅಂದರೆ ಇಡೀ ಡಿಸ್ಕನ್ನೇ ಒಂದು ಫೈಲಾಗಿಡುವ ವಿಂಡೋಸ್ ಮಾದರಿ, ಅಂಗಡಿಯವರನ್ನು ದಾರಿ ತಪ್ಪಿಸಿರಬೇಕು. ಮೊದಲ ಪುಟದಲ್ಲಿ ‘ಇನ್‌ವ್ಯಾಲಿಡ್ ಪಾರ್ಟಿಷನ್ ಟೇಬಲ್’, ‘ಎರರ್ ಲೋಡಿಂಗ್ ಆಪರೇಟಿಂಗ್ ಸಿಸ್ಟಮ್’, ‘ಮಿಸ್ಸಿಂಗ್ ಆಪರೇಟಿಂಗ್ ಸಿಸ್ಟಮ್’ ಎಂಬ ಇಂಗ್ಲಿಷ್ ಸಾಲುಗಳು ಕಾಣುತ್ತವೆ. ನೋಡಿದವರಿಗೆ ಎದೆ ಝಲ್ ಎನ್ನುವುದು ಸಹಜ. ಆದರೆ ವಿಂಡೋಸ್ ತಯಾರಿಸುವ ಎಂಬಿಆರ್ ಎಂಬ ಹಳೆಯ ಪಾರ್ಟಿಷನ್ ಮಾದರಿಯ ಡಿಸ್ಕಿನ ಮೊದಲ ಸೆಕ್ಟರ್‌ನಲ್ಲಿ (512 ಬೈಟ್‌ಗಳ ತುಣುಕಿನಲ್ಲಿ) ಈ ಸಾಲುಗಳು ಯಾವಾಗಲೂ ಇರುತ್ತವೆ. ಮುಂದೆಂದಾದರೂ ತೊಂದರೆಯಾದರೆ ಪರದೆಗೆ ಹಾಕಲು ಮೊದಲೇ ಬರೆದಿಟ್ಟ ಸಂದೇಶಗಳು ಅವು. ಚೆನ್ನಾಗಿ ಓಡುತ್ತಿರುವ ಡಿಸ್ಕಿನಲ್ಲೂ ನೀವು ಅವನ್ನು ನೋಡಬಹುದು. ಅದೇ ಸೆಕ್ಟರ್‌ನ ಕೊನೆಯಲ್ಲಿ 55 ಎಎ ಇದೆ, ಫೈಲಿನ ಬಾಲದಲ್ಲಿ ‘ಸಿ-ಒ-ಎನ್-ಇ-ಸಿ-ಟಿ-ಐ-ಎಕ್ಸ್’ ಇದೆ. ಅಂದರೆ ಇದು ನಿಜವಾದ ವಿಎಚ್‌ಡಿ, ಮತ್ತು ಗಾತ್ರ ನಿಗದಿಯಾದ ಮಾದರಿಯದು. ಬೆಳೆಯುತ್ತ ಹೋಗುವ ಮಾದರಿಯಾಗಿದ್ದರೆ ಆ ಎಂಟು ಅಕ್ಷರಗಳ ಇನ್ನೊಂದು ಪ್ರತಿ ಫೈಲಿನ ಮೊದಲಿಗೇ ಸಿಗುತ್ತಿತ್ತು.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ವಿಎಚ್‌ಡಿ ಎನ್ನುವುದು ಡಬ್ಬಿ ಮಾತ್ರ, ಬೀಗವಿದ್ದರೆ ಡಬ್ಬಿಯೊಳಗಿನ ಪಾರ್ಟಿಷನ್ನಿಗೆ ಇರುತ್ತದೆ. ಅದರ ಗುರುತನ್ನು ಫೈಲಿನ ತಲೆಯಲ್ಲಿ ಹುಡುಕಿದರೆ ಸಿಗುವುದಿಲ್ಲ, ಪಾರ್ಟಿಷನ್ ಶುರುವಾಗುವ ಜಾಗದಲ್ಲಿ ಹುಡುಕಬೇಕು. ಆ ಜಾಗ ಎಲ್ಲಿದೆ ಎಂಬುದನ್ನು ಮೊದಲ ಸೆಕ್ಟರ್ರೇ ಹೇಳುತ್ತದೆ. ಹೆಕ್ಸ್ 1ಸಿ6ರಲ್ಲಿರುವ ನಾಲ್ಕು ಬೈಟ್ ನೋಡಿ. ನಿಮ್ಮ ಫೋಟೊದಲ್ಲಿ ಅವು 00 08 00 00. ಇದನ್ನು ಹಿಂದಿನಿಂದ ಮುಂದಕ್ಕೆ ಓದಬೇಕು, ಆಗ ಹೆಕ್ಸ್ 800, ಅಂದರೆ 2,048ನೇ ಸೆಕ್ಟರ್. ಸೆಕ್ಟರ್‌ಗೆ 512 ಬೈಟ್‌ನಂತೆ 10,48,576ನೇ ಬೈಟ್, ಹೆಕ್ಸ್‌ನಲ್ಲಿ 100000. ಎಚ್‌ಎಕ್ಸ್‌ಡಿಯಲ್ಲಿ ಕಂಟ್ರೋಲ್ ಮತ್ತು ಜಿ ಒತ್ತಿ, ಆ ಸಂಖ್ಯೆ ಕೊಟ್ಟು ಅಲ್ಲಿಗೆ ಹೋಗಿ. ಮೊದಲ ಮೂರು ಬೈಟ್ ಬಿಟ್ಟು ಮುಂದಿನ ಎಂಟು 2ಡಿ 46 56 45 2ಡಿ 46 53 2ಡಿ ಆಗಿದ್ದರೆ, ಅಂದರೆ ಎರಡು ಬದಿಗೂ ನಡುವೆಯೂ ಅಡ್ಡಗೆರೆಯೊಂದಿಗೆ ‘ಎಫ್‌ವಿಇ’, ‘ಎಫ್‌ಎಸ್’ ಎಂದು ಕಂಡರೆ, ಅದು ವಿಂಡೋಸ್‌ನದೇ ಬೀಗವಾದ ಬಿಟ್‌ಲಾಕರ್. ಅದೇ ಜಾಗದಲ್ಲಿ ‘ಎನ್‌ಟಿಎಫ್‌ಎಸ್’ ಎಂದಿದ್ದರೆ ಪಾರ್ಟಿಷನ್ನಿಗೆ ಬೀಗವಿಲ್ಲ, ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ‘ಅಟ್ಯಾಚ್ ವಿಎಚ್‌ಡಿ’ ಆರಿಸಿ, ರೀಡ್ ಓನ್ಲಿ ಗುರುತು ಹಾಕಿ ತೆರೆಯಿರಿ. ಪೆನ್‌ಡ್ರೈವ್‌ಗಳಿಗೆ ಹಾಕುವ ‘ಬಿಟ್‌ಲಾಕರ್ ಟು ಗೋ’ದಲ್ಲಿ ಮಾತ್ರ ಸ್ವಲ್ಪ ಹುಷಾರಾಗಿರಬೇಕು. ಹಳೆಯ ಯಂತ್ರಗಳಿಗೂ ಕಾಣಲಿ ಎಂದು ಅದು ಹೊರಗಿನಿಂದ ಸಾಮಾನ್ಯ ಫ್ಯಾಟ್ ಡಿಸ್ಕಿನಂತೆ ‘ಎಂಎಸ್‌ವಿನ್4.1’ ಎಂಬ ಹೆಸರು ಹೊತ್ತಿರುತ್ತದೆ.

ಬಿಟ್‌ಲಾಕರ್ ಎಂದು ಖಚಿತವಾದರೆ ನಿಮ್ಮ ಅದೃಷ್ಟ ಸ್ವಲ್ಪ ಚೆನ್ನಾಗಿದೆ ಎನ್ನುತ್ತೇನೆ. ಅದರಲ್ಲಿ ಪಾಸ್‌ವರ್ಡ್ ಜೊತೆಗೆ 48 ಅಂಕಿಗಳ ರಿಕವರಿ ಕೀ ಇರುತ್ತದೆ, ಬೀಗ ಹಾಕುವಾಗಲೇ ಅದನ್ನು ಎಲ್ಲಾದರೂ ಉಳಿಸಿಕೊಳ್ಳುವಂತೆ ವಿಂಡೋಸ್ ಹೇಳುತ್ತದೆ. ಪ್ರೆಸ್ಸಿನವರು ಪ್ರಿಂಟ್ ತೆಗೆದೇ ಇಟ್ಟಿರುತ್ತಾರೆ ಎಂದು ನನ್ನ ಊಹೆ. ಕಾಕಾ ಅವರ ಫೈಲುಗಳಲ್ಲಿ ಆರಾರು ಅಂಕಿಗಳ ಎಂಟು ಗುಂಪುಗಳಿರುವ ಹಾಳೆ ಹುಡುಕಿ. ಕಂಪ್ಯೂಟರ್‌ಗಳಲ್ಲಿ ‘ಬಿಟ್‌ಲಾಕರ್ ರಿಕವರಿ ಕೀ’ ಎಂದು ಶುರುವಾಗುವ ಟೆಕ್ಸ್ಟ್ ಫೈಲ್, ಇಲ್ಲವೆ ಅವರ ಮೈಕ್ರೋಸಾಫ್ಟ್ ಖಾತೆ ನೋಡಿ.

ಈಗ ಎಕ್ಸ್‌ಟೆನ್ಷನ್ ಇಲ್ಲದ ಫೈಲ್. 4ಸಿ 55 4ಬಿ 53 ಬಿಎ ಬಿಇ, ನಂತರ 00 01. ಇದು ಲಕ್ಸ್ ಎಂಬ ಲಿನಕ್ಸ್‌ನ ಡಿಸ್ಕ್ ಬೀಗ, ಮೊದಲನೇ ಆವೃತ್ತಿ. ಈ ಆರು ಬೈಟ್‌ಗಳು ಆಕಸ್ಮಿಕವಾಗಿ ಇದೇ ಕ್ರಮದಲ್ಲಿ ಬೀಳುವ ಸಾಧ್ಯತೆ ಸುಮಾರು 281 ಲಕ್ಷ ಕೋಟಿಯಲ್ಲಿ ಒಂದು. 55 ಎಎ ಥರದ ಎರಡೇ ಬೈಟ್‌ಗಳ ಗುರುತಾದರೆ 65,536ರಲ್ಲಿ ಒಂದು. ಉದ್ದದ ಸಿಗ್ನೇಚರ್ ಸಿಕ್ಕಾಗ ನಿಶ್ಚಿಂತರಾಗಿರಬಹುದು, ಪುಟ್ಟದು ಸಿಕ್ಕಾಗ ಇನ್ನೊಂದು ಸಾಕ್ಷಿ ಹುಡುಕಬೇಕು ಎನ್ನುವುದು ಇದಕ್ಕೇ. ಲಕ್ಸ್ ತನ್ನ ವಿಷಯ ಏನನ್ನೂ ಬಚ್ಚಿಡುವುದಿಲ್ಲ. ಫೋಟೊದಲ್ಲಿ ಸ್ವಲ್ಪ ಕೆಳಗೆ ‘ಎಇಎಸ್’, ‘ಎಕ್ಸ್‌ಟಿಎಸ್-ಪ್ಲೇನ್64’ ಎಂದು ಯಾವ ಬೀಗ ಬಳಸಿದೆ ಎನ್ನುವುದೇ ಬರೆದಿದೆ. ಎರಡನೇ ಆವೃತ್ತಿಯಾಗಿದ್ದರೆ 00 02 ಇರುತ್ತಿತ್ತು, ಅದರಲ್ಲಿ ತಲೆಭಾಗದ ಇನ್ನೊಂದು ಪ್ರತಿಯೂ ಸ್ವಲ್ಪ ಮುಂದೆ ‘ಎಸ್-ಕೆ-ಯು-ಎಲ್’ ಎಂದು ತಿರುಗಿಸಿ ಬರೆದ ಗುರುತಿನೊಂದಿಗೆ ಸಿಗುತ್ತದೆ.

ಮೊದಲನೇ ಆವೃತ್ತಿಯಲ್ಲಿ ಆ ಎರಡನೇ ಪ್ರತಿ ಇಲ್ಲ. ನಾನು ಫಾರ್ಮ್ಯಾಟ್ ಬೇಡ ಎಂದು ಒತ್ತಿ ಹೇಳಲು ಇದೇ ದೊಡ್ಡ ಕಾರಣ. ನಾವು ಟೈಪ್ ಮಾಡುವ ಪಾಸ್‌ವರ್ಡ್‌ನಿಂದ ನೇರವಾಗಿ ಡೇಟಾ ಬಿಚ್ಚುವುದಿಲ್ಲ. ಡೇಟಾಕ್ಕೆ ಬೀಗ ಹಾಕಿದ ನಿಜವಾದ ಕೀಲಿ ಕಂಪ್ಯೂಟರ್ ತಾನೇ ಹುಟ್ಟಿಸಿದ ಯಾದೃಚ್ಛಿಕ ಬೈಟ್‌ಗಳು, ಅದನ್ನು ಪಾಸ್‌ವರ್ಡ್‌ನಿಂದ ಮುಚ್ಚಿ ಫೈಲಿನ ತಲೆಭಾಗದಲ್ಲಿ ಇಟ್ಟಿರುತ್ತದೆ. ಲಕ್ಸ್‌ನ ಮೊದಲನೇ ಆವೃತ್ತಿಯಲ್ಲಿ ಹೀಗೆ ಕೀಲಿ ಇಡಲು ಎಂಟು ಗೂಡುಗಳಿವೆ. ಆ ತಲೆಭಾಗದ ಮೇಲೆ ಬೇರೇನಾದರೂ ಬರೆದುಹೋದರೆ ಉಳಿದ ನೂರಾರು ಜಿಬಿ ಅಕ್ಷತವಾಗಿದ್ದೂ ಅರ್ಥವಿಲ್ಲದ ಬೈಟ್‌ಗಳ ರಾಶಿ. ಇಡೀ ಡಿಸ್ಕ್ ಅಥವಾ ಪೆನ್‌ಡ್ರೈವ್‌ಗೇ ಲಕ್ಸ್ ಹಾಕಿದ್ದನ್ನು ವಿಂಡೋಸ್ ಯಂತ್ರಕ್ಕೆ ಸಿಕ್ಕಿಸಿದಾಗ ‘ಫಾರ್ಮ್ಯಾಟ್ ಮಾಡಬೇಕೆ?’ ಎಂಬ ಪ್ರಶ್ನೆ ಬರುತ್ತದೆ. ವಿಂಡೋಸ್‌ಗೆ ಅದು ತಿಳಿಯದ ವಸ್ತು, ಅದಕ್ಕೇ ಕೇಳುತ್ತದೆ. ಅಲ್ಲಿ ‘ಹೌದು’ ಎಂದು ಒತ್ತಿ ಕಳೆದುಕೊಂಡವರು ನಮ್ಮ ಧಾರವಾಡ ಜಿಲ್ಲೆಯಲ್ಲೇ ಎಷ್ಟೋ ಜನ ಇದ್ದಾರೆ, ಅವರ ಡಿಸ್ಕ್ ಕೈಯಲ್ಲಿ ಹಿಡಿದು ಏನೂ ಮಾಡಲಾಗದೆ ವಾಪಸ್ ಕೊಡುವ ಸಂಕಟ ನನಗೆ ಗೊತ್ತು. ನಿಮ್ಮ ಫೈಲಿನ ತಲೆಭಾಗವನ್ನು ಇವತ್ತೇ ಪ್ರತ್ಯೇಕವಾಗಿ ಉಳಿಸಿಕೊಳ್ಳಬಹುದು. ಲಿನಕ್ಸ್ ಗೊತ್ತಿರುವವರ ಕೈಯಲ್ಲಿ ಲಕ್ಸ್ ನಿರ್ವಹಿಸುವ ಕ್ರಿಪ್ಟ್‌ಸೆಟಪ್ ಕಮಾಂಡ್‌ನ ‘ಲಕ್ಸ್‌ಹೆಡರ್‌ಬ್ಯಾಕಪ್’ ಮಾಡಿಸಿ, ಪುಟ್ಟ ಫೈಲ್ ಬರುತ್ತದೆ. ‘ಲಕ್ಸ್‌ಡಂಪ್’ ಕೊಟ್ಟರೆ ಎಷ್ಟು ಗೂಡುಗಳಲ್ಲಿ ಕೀಲಿ ಇದೆ ಎಂದೂ ತಿಳಿಯುತ್ತದೆ. ಎರಡು ಇದ್ದರೆ ಎರಡು ಪಾಸ್‌ವರ್ಡ್‌ಗಳಿದ್ದವು, ಒಂದು ಬೇರೆ ಯಾರಿಗಾದರೂ ಗೊತ್ತಿರಬಹುದು.

ಉಳಿದದ್ದು ಐಎಸ್‌ಒ, ಅಂದರೆ ಸಿಡಿ, ಡಿವಿಡಿಯ ಪೂರ್ತಿ ನಕಲಿಗೆ ಇಡುವ ಎಕ್ಸ್‌ಟೆನ್ಷನ್. ನನ್ನ ಮಟ್ಟಿಗೆ ನಿಮ್ಮ ಡಿಸ್ಕಿನಲ್ಲಿ ಅತ್ಯಂತ ಕುತೂಹಲದ ಫೈಲ್ ಇದೇ. ನಿಜವಾದ ಸಿಡಿ ಇಮೇಜ್ ಆಗಿದ್ದರೆ 32,769ನೇ ಬೈಟ್‌ನಲ್ಲಿ, ಹೆಕ್ಸ್ 8001ರಲ್ಲಿ, ‘ಸಿಡಿ001’ ಎಂದು ಇರಬೇಕು. ಕೆಲವು ಡಿವಿಡಿಗಳಲ್ಲಿ ಅಲ್ಲಿ ‘ಬಿಇಎ01’ ಇರುತ್ತದೆ. ಅಷ್ಟೇ ಅಲ್ಲ, ಸಿಡಿ ಇಮೇಜ್‌ನ ಮೊದಲ 32,768 ಬೈಟ್‌ಗಳು ಬಹಳ ಸಲ ಬರೀ ಸೊನ್ನೆ. ನಿಮ್ಮದರಲ್ಲಿ ಮೊದಲ ಬೈಟ್‌ನಿಂದಲೇ ಗೊಂದಲ, ಒಂದು ಓದುವ ಪದವಿಲ್ಲ, ಒಂದು ಸೊನ್ನೆಯ ಸಾಲಿಲ್ಲ, ಕೊನೇ ಪುಟದಲ್ಲೂ ಅದೇ. ಗಾತ್ರ 2,14,74,83,648 ಬೈಟ್, ಅಂದರೆ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ, ಸರಿಯಾಗಿ 2 ಜಿಬಿ. ಸಿಡಿ, ಡಿವಿಡಿಯಿಂದ ಬಂದ ಫೈಲಿಗೆ ಇಷ್ಟು ಗುಂಡಾದ ಗಾತ್ರ ಬರುವುದು ತೀರ ಅಪರೂಪ. ಯಾರೋ ಕೂತು ‘2 ಜಿಬಿ’ ಎಂದು ಟೈಪ್ ಮಾಡಿ ಮಾಡಿಸಿದ ಫೈಲ್ ಇದು. ತಾರೀಖು 2011. ಇವೆಲ್ಲ ಸೇರಿ ಫೈಲನ್ನೇ ಬೀಗದ ಪೆಟ್ಟಿಗೆಯಾಗಿಸುತ್ತಿದ್ದ ಟ್ರೂಕ್ರಿಪ್ಟ್ ಎಂಬ ಪ್ರೋಗ್ರಾಂ ಕಡೆಗೆ ಬೆರಳು ಮಾಡುತ್ತವೆ. ಅದರ ಮುಂದುವರಿಕೆಯಾದ ವೆರಾಕ್ರಿಪ್ಟ್ ಹುಟ್ಟಿದ್ದು 2013ರಲ್ಲಿ.

ಟ್ರೂಕ್ರಿಪ್ಟ್‌ಗೆ ಸಿಗ್ನೇಚರ್ ಇಲ್ಲ, ಬೇಕೆಂದೇ ಇಟ್ಟಿಲ್ಲ. ಮೊದಲ 64 ಬೈಟ್‌ಗಳು ‘ಸಾಲ್ಟ್’, ಅಂದರೆ ಪಾಸ್‌ವರ್ಡ್ ಜೊತೆ ಬೆರೆಸುವ ಯಾದೃಚ್ಛಿಕ ಬೈಟ್‌ಗಳು. ಅದರ ನಂತರ ‘ಟಿ-ಆರ್-ಯು-ಇ’ ಎಂಬ ನಾಲ್ಕು ಅಕ್ಷರಗಳಿವೆ, ವೆರಾಕ್ರಿಪ್ಟ್ ಆದರೆ ‘ವಿ-ಇ-ಆರ್-ಎ’, ಆದರೆ ಅವೂ ಎನ್‌ಕ್ರಿಪ್ಟ್ ಆಗಿರುತ್ತವೆ. ಸರಿಯಾದ ಪಾಸ್‌ವರ್ಡ್ ಕೊಟ್ಟು ಬಿಚ್ಚಿದಾಗ ಮಾತ್ರ ಅವು ಮೂಡುತ್ತವೆ, ‘ಪಾಸ್‌ವರ್ಡ್ ಸರಿ’ ಎಂದು ಪ್ರೋಗ್ರಾಂಗೆ ಗೊತ್ತಾಗುವುದೂ ಹಾಗೆಯೇ. ಆದ್ದರಿಂದ ಇಂಥ ಫೈಲನ್ನು ಹೊರಗಿನಿಂದ ನೋಡಿ ‘ಇದು ಖಂಡಿತ ಟ್ರೂಕ್ರಿಪ್ಟ್’ ಎಂದು ಪ್ರಮಾಣ ಮಾಡಲು ಯಾರಿಂದಲೂ ಆಗದು. ಸಾಫ್ಟ್‌ವೇರ್ ಒಂದು ‘ಎನ್‌ಕ್ರಿಪ್ಟೆಡ್ ಕಂಟೇನರ್ ಸಿಕ್ಕಿತು’ ಎಂದು ವರದಿ ಕೊಟ್ಟರೂ ಅದು ಸುತ್ತಲಿನ ಲಕ್ಷಣ ನೋಡಿ ಮಾಡಿದ ಅನುಮಾನ. ಗಾತ್ರ 512ರಿಂದ ಶೇಷವಿಲ್ಲದೆ ಭಾಗವಾಗುತ್ತದೆಯೇ, ಪರಿಚಿತ ಸಿಗ್ನೇಚರ್ ಯಾವುದೂ ಇಲ್ಲವೇ, ಬೈಟ್‌ಗಳ ಹಂಚಿಕೆ ಪೂರ್ತಿ ಸಮವಾಗಿದೆಯೇ, ಇಷ್ಟನ್ನು ಅದು ನೋಡುತ್ತದೆ.

ಈ ಹಂಚಿಕೆಯನ್ನು ನೀವೇ ಒರಟಾಗಿ ಪರೀಕ್ಷಿಸಬಹುದು. ನಕಲಿನ ಫೈಲನ್ನು ಜಿಪ್ ಮಾಡಿ ನೋಡಿ. ಡಿಸೈನ್ ಫೈಲ್‌ಗಳೋ ಟೆಕ್ಸ್ಟೋ ಆಗಿದ್ದರೆ ಗಾತ್ರ ಚೆನ್ನಾಗಿ ಇಳಿಯುತ್ತದೆ. ಎನ್‌ಕ್ರಿಪ್ಟ್ ಆದದ್ದು ಹನಿಯಷ್ಟೂ ಇಳಿಯುವುದಿಲ್ಲ. ಆದರೆ ವಿಡಿಯೊ, ಜೆಪೆಗ್, ಹಳೆಯ ಜಿಪ್‌ಗಳೂ ಇಳಿಯುವುದಿಲ್ಲ, ಅವು ಆಗಲೇ ಹಿಂಡಿದವು. ಈ ಎರಡರ ವ್ಯತ್ಯಾಸ ಹಿಡಿಯಲು ‘ಎಂಟ್’ ಎಂಬ ಪುಟ್ಟ ಪ್ರೋಗ್ರಾಂ ಇದೆ. ಅದು ಪ್ರತಿ ಬೈಟ್‌ಗೆ ಎಷ್ಟು ಬಿಟ್ ಮಾಹಿತಿ ಇದೆ ಎಂದು ಅಳೆಯುತ್ತದೆ, ಗರಿಷ್ಠ 8. ಜಿಪ್‌ಗೂ ಬೀಗದ ಫೈಲಿಗೂ 7.99ರ ಮೇಲೆಯೇ ಬರಬಹುದಾದ್ದರಿಂದ ಆ ಸಂಖ್ಯೆಯನ್ನೇ ನಂಬಿ ಕೂರಬೇಡಿ. ಅದರ ಕೆಳಗೆ ಕೈ-ಸ್ಕ್ವೇರ್ ಎಂಬ ಸಾಲಿದೆ, ಅಲ್ಲಿನ ಶೇಕಡಾ ಅಂಕಿ ನೋಡಿ. ಹಿಂಡಿದ ಫೈಲುಗಳಲ್ಲಿ ಅದು ಸಾಮಾನ್ಯವಾಗಿ 0.01ಕ್ಕಿಂತ ಕೆಳಗೆ ಕುಸಿಯುತ್ತದೆ. ಒಳ್ಳೆಯ ಎನ್‌ಕ್ರಿಪ್ಷನ್‌ನಲ್ಲಿ ಬಹುಪಾಲು 5 ಮತ್ತು 95ರ ನಡುವೆ ಎಲ್ಲೋ ನಿಲ್ಲುತ್ತದೆ.

ಇದು ಟ್ರೂಕ್ರಿಪ್ಟ್ ಎಂದೇ ಇಟ್ಟುಕೊಂಡು ಮುಂದುವರಿದರೆ ಕೆಲವು ವಿಷಯ ನಿಮಗೆ ಉಪಯೋಗಕ್ಕೆ ಬರುತ್ತವೆ. ಟ್ರೂಕ್ರಿಪ್ಟ್ 2014ರ ಮೇ ತಿಂಗಳಲ್ಲಿ ನಿಂತುಹೋಯಿತು. ಇಂದಿನ ವೆರಾಕ್ರಿಪ್ಟ್ ಹಾಕಿ ಪ್ರಯತ್ನಿಸಿದರೆ ಸರಿಯಾದ ಪಾಸ್‌ವರ್ಡ್‌ಗೂ ‘ತಪ್ಪು’ ಎಂದೇ ಹೇಳುತ್ತದೆ, ಏಕೆಂದರೆ 1.26ನೇ ಆವೃತ್ತಿಯಿಂದ ಟ್ರೂಕ್ರಿಪ್ಟ್ ಫೈಲ್ ತೆರೆಯುವ ಸೌಲಭ್ಯ ತೆಗೆದಿದ್ದಾರೆ. ನಿಮಗೆ ಬೇಕಾದದ್ದು 1.25.9. ಅದರಲ್ಲಿ ‘ಟ್ರೂಕ್ರಿಪ್ಟ್ ಮೋಡ್’ ಗುರುತು ಹಾಕಿ ಪಾಸ್‌ವರ್ಡ್ ಕೊಡಿ. ಟ್ರೂಕ್ರಿಪ್ಟ್ 6.0ರಿಂದ ಈಚೆಗೆ ಮಾಡಿದ ಫೈಲ್‌ಗಳಲ್ಲಿ ತಲೆಭಾಗದ ಪ್ರತಿಯೊಂದು ಬಾಲದಲ್ಲೂ ಇರುತ್ತದೆ. ಆ ಆವೃತ್ತಿ ಬಂದದ್ದು 2008ರಲ್ಲಿ, ನಿಮ್ಮದು 2011ರದು. ಹಾಗಾಗಿ ಮೊದಲ ಬೈಟ್‌ಗಳಿಗೆ ಏಟು ಬಿದ್ದಿದ್ದರೂ ಮೌಂಟ್ ಆಯ್ಕೆಗಳಲ್ಲಿ ‘ಬ್ಯಾಕಪ್ ಹೆಡರ್’ ಆರಿಸಿ ಇನ್ನೊಂದು ಪ್ರಯತ್ನ ಮಾಡಬಹುದು.

ತಾರೀಖಿನ ಬಗ್ಗೆ ಒಂದು ಎಚ್ಚರಿಕೆ. ಒಳಗೆ ಎಷ್ಟು ಸಲ ಬರೆದರೂ ಫೈಲಿನ ತಾರೀಖು ಬದಲಾಗದಂತೆ ಟ್ರೂಕ್ರಿಪ್ಟ್ ತಾನಾಗಿಯೇ ನೋಡಿಕೊಳ್ಳುತ್ತಿತ್ತು. 2011 ಎಂದಿದೆ ಎಂದ ಮಾತ್ರಕ್ಕೆ ಹಳೇ ಸಾಮಾನು ಎಂದು ಬಿಡಬೇಡಿ, ಕಾಕಾ ಅದನ್ನು ಕೊನೆಯವರೆಗೂ ಬಳಸಿರಬಹುದು.

ಪಾಸ್‌ವರ್ಡ್ ಊಹಿಸುವವರು ನೀವೇ. ಎಇಎಸ್ ಬೀಗವನ್ನು ನೇರವಾಗಿ ಒಡೆಯುತ್ತೇವೆ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಪ್ರಾಮಾಣಿಕವಾಗಿ ಮಾಡಲು ಸಾಧ್ಯವಿರುವುದು, ಮನೆಯವರು ಕೊಟ್ಟ ಸುಳಿವುಗಳಿಂದ ಸಾವಿರಾರು ಜೋಡಣೆ ಮಾಡಿ ಒಂದೊಂದಾಗಿ ಪ್ರಯತ್ನಿಸುವುದು ಮಾತ್ರ. ಇಲ್ಲಿ ಒಂದು ವಿಷಯ ಹುಡುಕಾಟವನ್ನು ಕಿರಿದು ಮಾಡುತ್ತದೆ: ಟ್ರೂಕ್ರಿಪ್ಟ್ ಪಾಸ್‌ವರ್ಡ್‌ನಲ್ಲಿ ಕೀಬೋರ್ಡಿನ ಸಾಮಾನ್ಯ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳಷ್ಟೇ ನಡೆಯುತ್ತಿದ್ದವು, ಅದೂ ಹೆಚ್ಚೆಂದರೆ 64. ಕನ್ನಡ ಲಿಪಿಯ ಪಾಸ್‌ವರ್ಡ್ ಸಾಧ್ಯವೇ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ ಪದ, ಮನೆದೇವರ ಹೆಸರು, ಹಳೇ ಲ್ಯಾಂಡ್‌ಲೈನ್ ನಂಬರ್, ಪ್ರೆಸ್ ಶುರುವಾದ ಇಸವಿ, ಇಂಥವನ್ನು ಕಾಕೂ ಅವರ ಜೊತೆ ಕೂತು ಪಟ್ಟಿ ಮಾಡಿ. ಕಾಕಾ ಬರೆಯುತ್ತಿದ್ದ ಕಾಗುಣಿತವನ್ನೇ ಅನುಸರಿಸಿ. ಹೆಸರನ್ನು ಅವರು ಎರಡು ‘ಎ’ ಹಾಕಿ ಬರೆಯುತ್ತಿದ್ದರೆ ಹಾಗೆಯೇ ಬರೆದುಕೊಳ್ಳಿ.

ಇನ್ನೊಂದು, ಇದನ್ನು ದಯವಿಟ್ಟು ಮರೆಯಬೇಡಿ. ಟ್ರೂಕ್ರಿಪ್ಟ್‌ನಲ್ಲಿ ಪಾಸ್‌ವರ್ಡ್ ಜೊತೆಗೆ ಯಾವುದಾದರೂ ಫೈಲನ್ನೇ ಕೀಲಿಯಾಗಿ ಇಡಬಹುದು. ಒಂದು ಫೋಟೊ, ಒಂದು ಹಾಡು, ಲಗ್ನಪತ್ರಿಕೆಯ ಡಿಸೈನ್, ಏನೂ ಆಗಬಹುದು. ಆ ಫೈಲಿನ ಮೊದಲ 10,48,576 ಬೈಟ್‌ಗಳನ್ನು ಅದು ಬಳಸುತ್ತದೆ. ಹೆಸರು ಬದಲಾದರೆ ತೊಂದರೆಯಿಲ್ಲ, ಒಳಗಿನ ಒಂದು ಬಿಟ್ ಬದಲಾದರೆ ಕೀಲಿ ಹೋಯಿತು. ಹಾಗಾಗಿ ಕಾಕಾ ಅವರ ಕಂಪ್ಯೂಟರಿನ ಫೋಟೊಗಳನ್ನು ತಿರುಗಿಸಿ ಸೇವ್ ಮಾಡುವುದು, ವಾಟ್ಸಾಪ್‌ನಲ್ಲಿ ಕಳಿಸಿಕೊಂಡು ಮೂಲವನ್ನು ಅಳಿಸುವುದು, ಜಾಗ ಖಾಲಿ ಮಾಡುವುದು ಯಾವುದೂ ಸದ್ಯಕ್ಕೆ ಬೇಡ.

ಮುಂದೆ ಇಂಥ ಫೈಲ್ ಸಿಕ್ಕಾಗ ಕೆಲಸಕ್ಕೆ ಬರಲೆಂದು ಎರಡು ಮಾತು. ಮೊದಲಲ್ಲೇ ‘ವಿಎಚ್‌ಡಿಎಕ್ಸ್‌ಫೈಲ್’ ಎಂದಿದ್ದರೆ ಅದು ವಿಂಡೋಸ್‌ನ ಹೊಸ ಡಬ್ಬಿ, ಬೀಗವನ್ನು ಒಳಗೇ ಹುಡುಕಬೇಕು. ‘ಕ್ಯು-ಎಫ್-ಐ’ ಮತ್ತು ಎಫ್‌ಬಿ ಎಂದು ಶುರುವಾದರೆ ವರ್ಚುವಲ್ ಯಂತ್ರಗಳು ಬಳಸುವ ಕ್ಯುಕೌ ಡಿಸ್ಕ್, ಅದರ ಎರಡನೇ ಆವೃತ್ತಿಯಿಂದ ಈಚಿನದರಲ್ಲಿ 32ನೇ ಬೈಟ್‌ನಿಂದ ನಾಲ್ಕು ಬೈಟ್ ನೋಡಿದರೆ ಬೀಗದ ವಿಷಯ ತಿಳಿಯುತ್ತದೆ: ಸೊನ್ನೆಯಾದರೆ ಬೀಗವಿಲ್ಲ, 1 ಆದರೆ ಹಳೆಯ ಎಇಎಸ್, 2 ಆದರೆ ಲಕ್ಸ್.

ಈ ಡಿಸ್ಕಿನ ಪತ್ರಗಳು ಆಸ್ತಿ ಅಥವಾ ವ್ಯವಹಾರದ ತಕರಾರಿನಲ್ಲಿ ಕೋರ್ಟಿಗೆ ಹೋಗುವ ಸಂಭವವಿದ್ದರೆ ಈಗಲೇ ನಾಲ್ಕೂ ಫೈಲ್‌ಗಳ ಎಸ್‌ಎಚ್‌ಎ-256 ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ತೆಗೆದು ಕಾಗದದಲ್ಲಿ ಬರೆದು, ತಾರೀಖು ಹಾಕಿ, ಇಬ್ಬರ ಸಹಿ ಮಾಡಿಸಿಡಿ. ವಿಂಡೋಸ್‌ನ ‘ಸರ್ಟ್‌ಯುಟಿಲ್’ ಕಮಾಂಡ್‌ನಿಂದಲೇ ಅದು ಸಿಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯ ನಮೂದಿಸಬೇಕಾಗುತ್ತದೆ, ವಕೀಲರು ಕೇಳಿಯೇ ಕೇಳುತ್ತಾರೆ.

ನಾನಾಗಿದ್ದರೆ ವಿಎಚ್‌ಡಿಯಿಂದ ಶುರು ಮಾಡುತ್ತಿದ್ದೆ. ಬಿಟ್‌ಲಾಕರ್ ಇದ್ದರೆ ಅದನ್ನು ರೀಡ್ ಓನ್ಲಿಯಾಗಿ ಅಟ್ಯಾಚ್ ಮಾಡಿದಾಗ ‘ದಿಸ್ ಪಿಸಿ’ಯಲ್ಲಿ ಬೀಗದ ಚಿತ್ರವಿರುವ ಹೊಸ ಡ್ರೈವ್ ಬರುತ್ತದೆ. ಅದನ್ನು ತೆರೆಯಲು ಹೋಗಿ, ರಿಕವರಿ ಕೀ ಕೇಳುವ ಆಯ್ಕೆ ಒತ್ತಿದರೆ ಎಂಟು ಅಕ್ಷರಗಳ ಐಡಿ ತೋರಿಸುತ್ತದೆ. ಅದನ್ನು ಬರೆದುಕೊಂಡು ಕಾಕಾ ಅವರ ಕಾಗದಪತ್ರಗಳಲ್ಲಿ ಅದೇ ಐಡಿ ಇರುವ ಹಾಳೆ ಹುಡುಕಿ. ಹೆಕ್ಸ್ 100000ರ ಪುಟದಲ್ಲಿ ನಾನು ಹೇಳಿದ ಎರಡೂ ಗುರುತು ಸಿಗದಿದ್ದರೆ ಆ ಪುಟದ ಫೋಟೊ ತೆಗೆದು ಕಳಿಸಿ, ನೋಡಿ ಹೇಳುತ್ತೇನೆ.